ಬ್ರೈಟನ್ ಅರಮನೆ ಆಸ್ಪತ್ರೆ: ರಾಜ ಬಿಟ್ಟುಕೊಟ್ಟಿದ್ದು ನಿಜಾನಾ?

ಪ್ರಶ್ನೆ: ಮಗಳ ಮನೆಗೆ ಅಂತ ಇಂಗ್ಲೆಂಡಿಗೆ ಹೋಗಿದ್ವಿ. ಬ್ರೈಟನ್ ಊರಲ್ಲಿ ರಾಯಲ್ ಪೆವಿಲಿಯನ್ ಅಂತ ಅರಮನೆ ಇದೆ, ಹೊರಗಡೆಯಿಂದ ನೋಡಿದ್ರೆ ಥೇಟ್ ನಮ್ಮ ದೇಶದ್ದೇ ಅನ್ಸುತ್ತೆ. ಮೊದಲನೇ ಮಹಾಯುದ್ಧದಲ್ಲಿ ಅದು ಭಾರತೀಯ ಸೈನಿಕರ ಆಸ್ಪತ್ರೆ ಆಗಿತ್ತಂತೆ, ರಾಜ ತಾನಿದ್ದ ಅರಮನೆಯನ್ನೇ ನಮ್ಮವರಿಗೆ ಬಿಟ್ಟುಕೊಟ್ಟನಂತೆ. ಇದು ನಿಜಾನಾ? ಒಂಬತ್ತು ಅಡುಗೆಮನೆ ಬೇರೆ ಇತ್ತಂತೆ, ಅಷ್ಟೆಲ್ಲಾ ಯಾಕೆ ಮಾಡಿದ್ರು? ನಮ್ಮ ಮೈಸೂರು ಕಡೆಯವರು ಯಾರಾದ್ರೂ ಅಲ್ಲಿದ್ರಾ? ಮತ್ತೆ ಹೋದಾಗ ಏನು ನೋಡ್ಬೇಕು?

ಉತ್ತರ: ನಿಮ್ಮ ಪ್ರಶ್ನೆ ಓದಿ ನಿಜವಾಗ್ಲೂ ಖುಷಿ ಆಯ್ತು, ಯಾಕಂದ್ರೆ ಬ್ರೈಟನ್‌ಗೆ ಹೋಗೋ ನಮ್ಮ ಜನ ಸಮುದ್ರ ನೋಡಿ, ಪಿಯರ್ ಮೇಲೆ ಓಡಾಡಿ, ಆ ಗುಮ್ಮಟದ ಮುಂದೆ ಒಂದು ಫೋಟೋ ಹೊಡ್ಕೊಂಡು ಬಂದುಬಿಡ್ತಾರೆ, ಒಳಗಡೆ ಏನು ನಡೀತು ಅಂತ ಕೇಳೋರು ಕಮ್ಮಿ. ಯುದ್ಧಕಾಲದ ಆಸ್ಪತ್ರೆಗಳ ಬಗ್ಗೆ ಓದ್ಕೊಂಡು ಬರ್ಕೊಂಡು ಬಂದೋನು ನಾನು, ಅದ್ರಲ್ಲಿ ಬ್ರೈಟನ್ ಅಂದ್ರೆ ಸ್ವಲ್ಪ ಜಾಸ್ತಿನೇ ಒಲವು, ಹಾಗಾಗಿ ಉತ್ತರ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲು ರಾಜನ ವಿಷಯ ಮುಗಿಸೋಣ. ರಾಜ ಅರಮನೆ ಬಿಟ್ಟುಕೊಡ್ಲಿಲ್ಲ, ಬಿಟ್ಟುಕೊಡೋಕೆ ಅದು ಅವನದಾಗೇ ಇರ್ಲಿಲ್ಲ. ಈ ಕಟ್ಟಡ ಶುರುವಾಗಿದ್ದು 1787ರಲ್ಲಿ, ಆಗ ಯುವರಾಜ ಆಗಿದ್ದ ಮುಂದೆ 4ನೇ ಜಾರ್ಜ್ ಆದವನು ಸಮುದ್ರದ ಗಾಳಿಗೆ, ಮೋಜಿಗೆ ಅಂತ ಕಟ್ಟಿಸ್ಕೊಂಡಿದ್ದು. ಆಮೇಲೆ 1815ರಿಂದ ಜಾನ್ ನ್ಯಾಶ್ ಅನ್ನೋ ವಾಸ್ತುಶಿಲ್ಪಿ ಅದಕ್ಕೆ ನೀವು ನೋಡಿದ ಗುಮ್ಮಟ, ಮಿನಾರು ಎಲ್ಲ ಹಾಕಿ ರೂಪಾನೇ ಬದಲಾಯಿಸಿಬಿಟ್ಟ. ವಿಕ್ಟೋರಿಯಾ ರಾಣಿಗೆ ಆ ಜಾಗ ಹಿಡಿಸ್ಲಿಲ್ಲ, ಊರ ಮಧ್ಯೆ ಜನ ಇಣುಕಿ ನೋಡೋ ಹಾಗಿತ್ತು, 1850ರಲ್ಲಿ ಬ್ರೈಟನ್ ಊರಿಗೇ ಮಾರಿಬಿಟ್ಟರು. ಮಾರೋ ಮುಂಚೆ ಒಳಗಿದ್ದ ಬೆಲೆಬಾಳೋ ಸಾಮಾನೆಲ್ಲ ಬೇರೆ ಅರಮನೆಗಳಿಗೆ ಸಾಗ್ಸಿದ್ರು. ಅಂದ್ರೆ 1914ರ ಹೊತ್ತಿಗೆ ಅದು 64 ವರ್ಷದಿಂದ ಊರಿನ ಆಸ್ತಿ, ಸಭೆ ಸಮಾರಂಭ ನಡೆಯೋ ಜಾಗ. ಆಸ್ಪತ್ರೆಗೆ ಬಿಟ್ಟುಕೊಟ್ಟಿದ್ದು ಬ್ರೈಟನ್ ಕಾರ್ಪೊರೇಷನ್ನು, ಆಗ ಮೇಯರ್ ಆಗಿದ್ದವರು ಜಾನ್ ಓಟರ್, ಈ ಹೆಸರು ಮುಂದೆ ಇನ್ನೊಂದ್ಸಲ ಬರುತ್ತೆ.

ಹಾಗಾದ್ರೆ ರಾಜ ಕೊಟ್ಟ ಅನ್ನೋ ಕಥೆ ಎಲ್ಲಿಂದ ಬಂತು? ಅದನ್ನ ಯಾರೋ ದಾರಿಯಲ್ಲಿ ಕಟ್ಟಿದ್ದಲ್ಲ, ಅದು ಹರಡಲಿ ಅಂತಾನೇ ಸರ್ಕಾರದವರು ಬಿಟ್ಟಿದ್ದು. ನಿಮ್ಮ ರಾಜ ತನ್ನ ಮನೆಯಲ್ಲೇ ನಿಮ್ಮನ್ನ ಮಲಗಿಸ್ಕೊಂಡಿದ್ದಾನೆ ಅನ್ನೋ ಮಾತು ಪಂಜಾಬಿನ ಹಳ್ಳಿಗೆ ತಲುಪಿದ್ರೆ ಅಲ್ಲಿ ಸೈನ್ಯಕ್ಕೆ ಜನ ಸೇರೋದು ಸಲೀಸಾಗುತ್ತೆ, ಬ್ರಿಟಿಷರ ಮೇಲೆ ಸಿಟ್ಟು ಕಮ್ಮಿ ಆಗುತ್ತೆ, ಇದು ಅವರ ಲೆಕ್ಕಾಚಾರ. ಅದು ಕೆಲಸಾನೂ ಮಾಡ್ತು. ಆಸ್ಪತ್ರೆಯಿಂದ ಹೋದ ಕಾಗದಗಳಲ್ಲಿ ರಾಜನ ಸಿಂಹಾಸನ ಇದ್ದ ಜಾಗದಲ್ಲೇ ನಾವು ಮಲಗಿದ್ದೀವಿ, ಹೂವಿನ ಹಾಗೆ ನೋಡ್ಕೋತಾರೆ ಅಂತ ಬರೆದೋರಿದ್ದಾರೆ. ಅವರು ಸುಳ್ಳು ಹೇಳ್ತಿರ್ಲಿಲ್ಲ, ಅವರಿಗೆ ಹೇಳಿದ್ದೇ ಹಾಗೆ.

ಈಗ ನಮ್ಮವರು ಅಲ್ಲಿಗೆ ಬಂದಿದ್ದು ಹೇಗೆ ಅಂತ. 1914 ಆಗಸ್ಟಲ್ಲಿ ಯುದ್ಧ ಶುರು, ಬ್ರಿಟಿಷರ ಸ್ವಂತ ಸೈನ್ಯ ಚಿಕ್ಕದು, ಫ್ರಾನ್ಸಲ್ಲಿ ಕೆಲವೇ ವಾರದಲ್ಲಿ ಸೊರಗಿಹೋಯ್ತು. ತಕ್ಷಣ ಸಿಗೋ ತರಬೇತಿ ಆದ ಪಡೆ ಅಂದ್ರೆ ಭಾರತದ್ದೇ. ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳನ್ನ ಹಡಗಲ್ಲಿ ತಂದು ಸೆಪ್ಟೆಂಬರ್ ಕೊನೆಯಿಂದ ಮಾರ್ಸೇಯ್ ಬಂದರಲ್ಲಿ ಇಳಿಸಿದ್ರು, ಅಕ್ಟೋಬರಲ್ಲಿ ಬೆಲ್ಜಿಯಂನ ಈಪ್ರ್ ಹತ್ರ ಕಂದಕಕ್ಕೆ ಹಾಕಿದ್ರು. ಬಿಸಿಲ ದೇಶದ ತೆಳ್ಳನೆ ಖಾಕಿ ಬಟ್ಟೆಯಲ್ಲಿ ಬಂದೋರು, ಮುಂದೆ ಬಂದಿದ್ದು ಉತ್ತರ ಯೂರೋಪಿನ ಚಳಿಗಾಲ, ಮೊಣಕಾಲುದ್ದ ಕೆಸರು. ಗುಂಡಿನ ಗಾಯ, ಶೆಲ್ ಚೂರಿನ ಗಾಯ ಒಂದು ಕಡೆ ಆದ್ರೆ ಹಿಮಕ್ಕೆ ಸತ್ತುಹೋದ ಕಾಲು, ನ್ಯುಮೋನಿಯಾ ಇನ್ನೊಂದು ಕಡೆ. ಗಾಯಾಳುಗಳನ್ನ ಎಲ್ಲಿಡ್ಬೇಕು ಅಂತ ಸರಿಯಾದ ಪ್ಲಾನೇ ಇರ್ಲಿಲ್ಲ. ಹಡಗಲ್ಲಿ ಇಂಗ್ಲಿಷ್ ಕಾಲುವೆ ದಾಟಿಸಿ ಸೌತಾಂಪ್ಟನ್‌ಗೆ ತಂದು, ಮೊದಲಿಗೆ ಹ್ಯಾಂಪ್‌ಶೈರ್‌ನ ನೆಟ್ಲಿ, ಬ್ರಾಕನ್‌ಹರ್ಸ್ಟ್ ಕಡೆ ಇಟ್ರು.

ಈ ನೆಟ್ಲಿ ಬಗ್ಗೆ ಒಂದ್ಮಾತು ಹೇಳ್ಲೇಬೇಕು. 1863ರಲ್ಲಿ ಶುರುವಾದ ಭಾರಿ ಉದ್ದದ ಮಿಲಿಟರಿ ಆಸ್ಪತ್ರೆ ಅದು, ಈಗ ಹೋದ್ರೆ ಮುಖ್ಯ ಕಟ್ಟಡದ್ದು ಚಾಪೆಲ್ ಒಂದು ಬಿಟ್ಟು ಏನೂ ಇಲ್ಲ, 1966ರಲ್ಲಿ ಕೆಡವಿದ್ರು. ಅಲ್ಲಿ ನಮ್ಮ ಸೈನಿಕರ ಆರೈಕೆಗೆ ಹೋದೋರು ಯಾರು ಗೊತ್ತಾ, ಲಂಡನ್ನಲ್ಲಿ ಓದ್ತಿದ್ದ ಭಾರತದ ಹುಡುಗರು, ಅವರನ್ನ ಸೇರಿಸಿ ಆಂಬ್ಯುಲೆನ್ಸ್ ದಳ ಕಟ್ಟಿದ್ದು ಗಾಂಧೀಜಿ. ದಕ್ಷಿಣ ಆಫ್ರಿಕಾದಿಂದ ಭಾರತಕ್ಕೆ ವಾಪಸ್ ಬರೋ ದಾರಿಯಲ್ಲಿ 1914 ಆಗಸ್ಟಲ್ಲಿ ಲಂಡನ್ನಲ್ಲಿ ಇಳಿದಿದ್ರು. ದಳದ ಮೇಲಧಿಕಾರಿ ಕರ್ನಲ್ ಬೇಕರ್ ಸ್ವಯಂಸೇವಕರನ್ನ ಕೇಳದೇನೇ ಅವರ ಮೇಲೆ ಮುಖಂಡರನ್ನ ಹಾಕಿದಾಗ ಗಾಂಧೀಜಿ ಒಪ್ಪಲಿಲ್ಲ, ಅಲ್ಲೇ ಒಂದು ಸಣ್ಣ ಸತ್ಯಾಗ್ರಹ ಆಗಿಹೋಯ್ತು. ಆಮೇಲೆ ಪಕ್ಕೆನೋವಿನ ಕಾಯಿಲೆ ಜಾಸ್ತಿಯಾಗಿ ಆ ವರ್ಷ ಡಿಸೆಂಬರಲ್ಲಿ ಊರಿಗೆ ಹೊರಟರು.

ಆ ಆಸ್ಪತ್ರೆಗಳೂ ತುಂಬ್ತಾ ಬಂದ ಹಾಗೆ ಬ್ರೈಟನ್ನಲ್ಲಿ ಮೂರು ಜಾಗ ತಗೊಂಡ್ರು. ಒಂದು ಪೆವಿಲಿಯನ್ನು, ಅದಕ್ಕೆ ಅಂಟಿಕೊಂಡಿರೋ ಡೋಮ್ ಮತ್ತು ಕಾರ್ನ್ ಎಕ್ಸ್‌ಚೇಂಜ್ ಸೇರಿಸಿ. ಎರಡು, ಯಾರ್ಕ್ ಪ್ಲೇಸ್ ಅನ್ನೋ ಕಡೆ ಇದ್ದ ಸ್ಕೂಲು. ಮೂರನೇದು ಎಲ್ಮ್ ಗ್ರೋವ್ ಏರಿಯಾದ ಬಡವರ ವಸತಿಗೃಹ, ಅದಕ್ಕೆ ಕಿಚನರ್ ಇಂಡಿಯನ್ ಹಾಸ್ಪಿಟಲ್ ಅಂತ ಹೆಸರಿಟ್ರು, ಇವತ್ತು ಅದು ಬ್ರೈಟನ್ ಜನರಲ್ ಹಾಸ್ಪಿಟಲ್. ಹಾಸಿಗೆ ಜಾಸ್ತಿ ಇದ್ದಿದ್ದು ಕಿಚನರಲ್ಲಿ, ಹೆಸರು ಬಂದಿದ್ದು ಪೆವಿಲಿಯನ್‌ಗೆ. ಮೂರೂ ಸೇರಿ ಸುಮಾರು 12,000 ಭಾರತೀಯ ಸೈನಿಕರಿಗೆ ಚಿಕಿತ್ಸೆ ಆಯ್ತು ಅಂತ ಲೆಕ್ಕ.

ಪೆವಿಲಿಯನ್ ತಯಾರಿ ಅವಸರದಲ್ಲೇ ಆಯ್ತು, 1914 ನವೆಂಬರ್ ಕೊನೆಗೆ ತೀರ್ಮಾನ, ಡಿಸೆಂಬರಲ್ಲಿ ರೋಗಿಗಳು ಬಂದೇಬಿಟ್ರು. ಬಣ್ಣ ಬಳಿದ ಗೋಡೆಗಳಿಗೆ ಹಲಗೆ ಮುಚ್ಚಿ, ನೆಲಕ್ಕೆ ಲಿನೋಲಿಯಂ ಹಾಸಿ, ಹೊಸದಾಗಿ ನಲ್ಲಿ, ಕಕ್ಕಸು, ಕರೆಂಟು ಎಲ್ಲ ಮಾಡಿ 700ಕ್ಕೂ ಹೆಚ್ಚು ಹಾಸಿಗೆ ಹಾಕಿದ್ರು. ಮ್ಯೂಸಿಕ್ ರೂಮು, ಔತಣದ ಹಾಲು ಎರಡೂ ವಾರ್ಡ್ ಆದ್ವು, ನೀವು ಒಳಗೆ ಹೋಗಿದ್ರೆ ಆ ಹಾಲಲ್ಲಿ ಡ್ರ್ಯಾಗನ್ ಹಿಡ್ಕೊಂಡಿರೋ ಹಾಗೆ ನೇತಾಡೋ ದೊಡ್ಡ ದೀಪದ ಗೊಂಚಲು ನೋಡಿರ್ತೀರ, ಅದರ ಕೆಳಗೆ ಸಾಲಾಗಿ ಕಬ್ಬಿಣದ ಮಂಚ. ರಾಜನ ದೊಡ್ಡ ಅಡುಗೆಮನೆ, ತಾಮ್ರದ ತಾಳೆಗರಿ ಇರೋ ಕಂಬಗಳಿರೋದು, ಅದು ಆಪರೇಷನ್ ಥಿಯೇಟರ್ ಆಯ್ತು, ಯಾಕಂದ್ರೆ ನೀರು, ಬೆಳಕು, ಗಾಳಿ ಮೂರೂ ಚೆನ್ನಾಗಿದ್ದ ಕೋಣೆ ಅದೇ. ಎಲ್ಲಕ್ಕಿಂತ ದೊಡ್ಡ ವಾರ್ಡು ಡೋಮ್, ಅದು ಮೂಲದಲ್ಲಿ ಯುವರಾಜನ ಕುದುರೆ ಲಾಯ, ಈಗ ಕನ್ಸರ್ಟ್ ಹಾಲು, 1974ರಲ್ಲಿ ಆಬಾ ಅನ್ನೋ ಹಾಡುಗಾರರ ತಂಡ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದಿದ್ದು ಅದೇ ಸೂರಿನ ಕೆಳಗೆ. ಆ ವಾರ್ಡಿನ ಫೋಟೋ ನೋಡಿದ್ರೆ ಗುಮ್ಮಟದ ಸುತ್ತಳತೆಗೆ ಸರಿಯಾಗಿ ಮಂಚಗಳನ್ನ ಬಳಸಿ ಹಾಕಿದ್ದಾರೆ, ಮಧ್ಯೆ ಮಧ್ಯೆ ಪೇಟ ಕಟ್ಟಿದ ತಲೆಗಳು, ಎಲ್ರೂ ಕ್ಯಾಮೆರಾ ಕಡೆಗೇ ನೋಡ್ತಿದ್ದಾರೆ. ಫೋಟೋ ತೆಗೆಯೋದು ಕೂಡ ಪ್ಲಾನಿನ ಭಾಗವೇ, ಅವನ್ನ ಪೋಸ್ಟ್ ಕಾರ್ಡ್ ಮಾಡಿ ಹಂಚಿದ್ರು.

ಒಂಬತ್ತು ಅಡುಗೆಮನೆ ಇದ್ದಿದ್ದು ನಿಜ. ಅಂಗಳದಲ್ಲಿ ಶೆಡ್ ಹಾಕಿ ಜಾತಿ, ಧರ್ಮ, ಊಟದ ಕಟ್ಟುಪಾಡು ನೋಡಿ ಬೇರೆ ಬೇರೆ ಮಾಡಿದ್ರು, ಆಯಾ ಅಡುಗೆಮನೆಗೆ ಅದೇ ಜಾತಿಯ ಅಡುಗೆಯವರು. ಮಾಂಸ ತಿನ್ನೋರು, ತಿನ್ನದೋರು, ತಿನ್ನೋರಲ್ಲೂ ಹಲಾಲ್ ಆಗ್ಬೇಕಾದೋರು, ಒಂದೇ ಏಟಿಗೆ ಕಡಿದಿದ್ದು ಮಾತ್ರ ತಿನ್ನೋ ಸಿಖ್ಖರು, ಇವರಿಗೆಲ್ಲ ಕಡಿಯೋ ಜಾಗವೂ ಬೇರೆ, ಕಡಿಯೋ ಕೈಯೂ ಬೇರೆ. ಪ್ರತಿ ವಾರ್ಡಲ್ಲಿ ಹಿಂದೂಗಳಿಗೊಂದು ನಲ್ಲಿ, ಮುಸ್ಲಿಮರಿಗೊಂದು ನಲ್ಲಿ. ಬೋರ್ಡುಗಳು ಉರ್ದು, ಹಿಂದಿ, ಗುರುಮುಖಿ ಮೂರರಲ್ಲೂ. ಮುಸ್ಲಿಮರ ನಮಾಜಿಗೆ ಪೂರ್ವದ ಕಡೆಯ ಹುಲ್ಲುಹಾಸು, ಸಿಖ್ಖರಿಗೆ ಅಂಗಳದಲ್ಲಿ ಡೇರೆ ಹಾಕಿ ಗುರುದ್ವಾರ.

ನಮ್ಮ ಮನೆಗಳಲ್ಲಿ ಮಡಿ ಮೈಲಿಗೆ ನೋಡಿ ಬೆಳೆದೋರಿಗೆ ಇದು ಓದಿದ ಕೂಡಲೇ ಅರ್ಥ ಆಗುತ್ತೆ, ಆದ್ರೆ ಬ್ರಿಟಿಷರು ಇಷ್ಟೊಂದು ಯಾಕೆ ತಲೆಕೆಡಿಸ್ಕೊಂಡ್ರು ಅನ್ನೋದು ನಿಮ್ಮ ಪ್ರಶ್ನೆಯ ತಿರುಳು. ಪ್ರೀತಿಯಿಂದಾನಾ? ಪ್ರೀತಿಯೂ ಇತ್ತು, ಭಾರತದಲ್ಲಿ ಕೆಲಸ ಮಾಡಿ ರಿಟೈರ್ ಆದ ಡಾಕ್ಟರುಗಳು ಬಂದು ಹಿಂದೂಸ್ತಾನಿಯಲ್ಲಿ ಮಾತಾಡ್ತಾ ಮನಸ್ಸಿಟ್ಟು ಕೆಲಸ ಮಾಡಿದ್ರು, ಅದನ್ನ ಅಲ್ಲಗಳೆಯೋಕಾಗಲ್ಲ. ಆದ್ರೆ ಭಯ ಅದಕ್ಕಿಂತ ದೊಡ್ಡದಿತ್ತು. 1857 ಆಗಿ ಇನ್ನೂ 60 ವರ್ಷ ಆಗಿರ್ಲಿಲ್ಲ, ಕಾಡತೂಸಿಗೆ ಸವರಿದ ಕೊಬ್ಬು ಏನು ಮಾಡಿತ್ತು ಅಂತ ಪ್ರತಿಯೊಬ್ಬ ಅಧಿಕಾರಿಗೂ ಗೊತ್ತು. ಧರ್ಮ ಕೆಡಿಸಿದ್ರು ಅನ್ನೋ ಒಂದು ಸುದ್ದಿ ಊರಿಗೆ ಹೋದ್ರೆ ಸಾಕು. ಅದರ ಮೇಲೆ 1914 ನವೆಂಬರಲ್ಲಿ ತುರ್ಕಿ ಜರ್ಮನಿ ಪರ ಯುದ್ಧಕ್ಕೆ ಇಳಿದು ಜಿಹಾದ್ ಕರೆ ಕೊಟ್ಟಿತ್ತು, ಮುಸ್ಲಿಂ ಸೈನಿಕರು ಏನು ಮಾಡ್ತಾರೋ ಅನ್ನೋ ಆತಂಕ. ಹಾಗಾಗಿ ಬ್ರಿಟನ್ನಿನ ಯುದ್ಧ ಮಂತ್ರಿ ಲಾರ್ಡ್ ಕಿಚನರ್, ಸರ್ ವಾಲ್ಟರ್ ಲಾರೆನ್ಸ್ ಅನ್ನೋ ಹಳೇ ಐಸಿಎಸ್ ಅಧಿಕಾರಿಯನ್ನ ಬರೀ ಭಾರತೀಯ ಗಾಯಾಳುಗಳ ಉಸ್ತುವಾರಿಗೆ ಅಂತಾನೇ ನೇಮಿಸಿದ, ಆತ ಆಸ್ಪತ್ರೆ ಆಸ್ಪತ್ರೆ ಸುತ್ತಿ ನೇರ ಕಿಚನರ್‌ಗೆ ರಿಪೋರ್ಟ್ ಕಳಿಸ್ತಿದ್ದ. ನಲ್ಲಿ ಎರಡಿದ್ಯಾ, ಅಡುಗೆಯವನು ಯಾರು, ಸತ್ತೋರ ಸಂಸ್ಕಾರ ಸರಿ ಆಯ್ತಾ, ಇವೆಲ್ಲ ಸಾಮ್ರಾಜ್ಯ ಉಳಿಯೋ ಪ್ರಶ್ನೆ ಆಗಿತ್ತು. ನನ್ನ ಅಭಿಪ್ರಾಯ ಕೇಳಿದ್ರೆ, ಉದ್ದೇಶ ರಾಜಕೀಯದ್ದು, ಆರೈಕೆ ಅಸಲಿ. ಎರಡನ್ನೂ ಒಟ್ಟಿಗೇ ಹೇಳ್ಬೇಕು, ಒಂದನ್ನೇ ಹೇಳಿದ್ರೆ ಆ ಹಾಸಿಗೆಯಲ್ಲಿ ಮಲಗಿದ್ದವನಿಗೆ ಅನ್ಯಾಯ ಆಗುತ್ತೆ.

ಜಾತಿಯ ಮಾತು ಬಂದಿದ್ದಕ್ಕೆ ಒಬ್ಬನ ಬಗ್ಗೆ ಹೇಳ್ತೀನಿ, ಇವನು ಬ್ರೈಟನ್ನಿನವನಲ್ಲ, ಬ್ರಾಕನ್‌ಹರ್ಸ್ಟಿನ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಕಸ ಗುಡಿಸೋ ಕೆಲಸಕ್ಕೆ ಬಂದಿದ್ದವನು, ಬರೇಲಿ ಊರಿನ ಸುಖಾ. 1915ರ ಜನವರಿಯಲ್ಲಿ ಅಲ್ಲೇ ತೀರಿಕೊಂಡ, ವಯಸ್ಸು 30. ಜಾತಿ ಕಾರಣಕ್ಕೆ ಹಿಂದೂಗಳು ತಮ್ಮ ಚಿತೆಯ ಜಾಗದಲ್ಲಿ ಸುಡೋಕೆ ಒಪ್ಪಲಿಲ್ಲ, ಮುಸ್ಲಿಮರೂ ನಮ್ಮವನಲ್ಲ ಅಂದ್ರು, ಕೊನೆಗೆ ಆ ಹಳ್ಳಿಯ ಸೇಂಟ್ ನಿಕೊಲಸ್ ಚರ್ಚಿನ ಪಾದ್ರಿ ತಮ್ಮ ಅಂಗಳದಲ್ಲೇ ಮಣ್ಣು ಮಾಡಿಸಿದ್ರು ಅಂತ ಅಲ್ಲಿ ಹೇಳ್ಕೊಂಡು ಬಂದಿರೋ ಮಾತು. ಸಮಾಧಿ ಕಲ್ಲು ಈಗಲೂ ಇದೆ, ಚರ್ಚಿನ ಜನ ದುಡ್ಡು ಹಾಕಿ ನಿಲ್ಸಿದ್ದು, ಅವನ ಊರು, ಅವನು ಮಾಡ್ತಿದ್ದ ಕೆಲಸ ಎರಡನ್ನೂ ಅದರ ಮೇಲೆ ಮರ್ಯಾದೆಯಿಂದ ಕೆತ್ತಿದ್ದಾರೆ. ಒಂಬತ್ತು ಅಡುಗೆಮನೆ ಅಂತ ಹೊಗಳೋವಾಗ ಸುಖಾನನ್ನ ಮರೀಬಾರದು ಅನ್ನೋದು ನನ್ನ ಆಸೆ. ಆ ಏರ್ಪಾಡಿನಲ್ಲಿ ನಮ್ಮ ದೇಶದ ಒಳ್ಳೇದೂ ಕೆಟ್ಟದ್ದೂ ಹಾಗೇ ಸಮುದ್ರ ದಾಟಿ ಬಂದಿತ್ತು.

ಒಳಗಿನ ದಿನಚರಿ ಹೇಗಿತ್ತು ಅಂದ್ರೆ, ಸ್ವಲ್ಪ ಚೇತರಿಸ್ಕೊಂಡೋರನ್ನ ಊರಲ್ಲಿ ಗಾಡಿಯಲ್ಲಿ ಸುತ್ತಾಡಿಸೋರು, ಸಿನಿಮಾ ತೋರಿಸೋರು, ಹುಲ್ಲಿನ ಮೇಲೆ ಇಸ್ಪೀಟು ನಡೀತಿತ್ತು. ಬ್ರೈಟನ್ ಜನ ಬೀದಿಯಲ್ಲಿ ನಿಂತು ಕೈ ಬೀಸ್ತಿದ್ರು, ಬೇಲಿ ಪಕ್ಕ ಗುಂಪು ಸೇರ್ತಿದ್ರು. 1915 ಜನವರಿಯಲ್ಲಿ ರಾಜ 5ನೇ ಜಾರ್ಜ್, ರಾಣಿ ಮೇರಿ ಬಂದು ವಾರ್ಡ್ ವಾರ್ಡ್ ನೋಡ್ಕೊಂಡು ಹೋದ್ರು. ಅರಮನೆಯ ಇತಿಹಾಸ ಮತ್ತು ಆಸ್ಪತ್ರೆ ಬಗ್ಗೆ ಇಂಗ್ಲಿಷ್, ಉರ್ದು, ಗುರುಮುಖಿಯಲ್ಲಿ ಪುಸ್ತಕ ಮಾಡಿ ಸೈನಿಕರಿಗೆ ಊರಿಗೆ ತಗೊಂಡು ಹೋಗೋಕೆ ಕೊಟ್ರು.

ಇನ್ನೊಂದು ಮುಖವೂ ಇದೆ. ಕಿಚನರ್ ಆಸ್ಪತ್ರೆಯ ಮುಖ್ಯಸ್ಥ ಕರ್ನಲ್ ಸರ್ ಬ್ರೂಸ್ ಸೀಟನ್ ಬಹಳ ಬಿಗಿ ಮನುಷ್ಯ. ಗೋಡೆ ಮೇಲೆ ಮುಳ್ಳುತಂತಿ, ಗೇಟಲ್ಲಿ ಕಾವಲು, ರೋಗಿಗಳಷ್ಟೇ ಅಲ್ಲ ಅಲ್ಲಿ ಕೆಲಸ ಮಾಡ್ತಿದ್ದ ಭಾರತೀಯ ಸಿಬ್ಬಂದಿ ಕೂಡ ತಮ್ಮಷ್ಟಕ್ಕೆ ಊರೊಳಗೆ ಹೋಗೋ ಹಾಗಿಲ್ಲ. ಕಾರಣ ಏನು ಅಂದ್ರೆ ಬ್ರೈಟನ್ ಹೆಂಗಸರ ಜೊತೆ ಪರಿಚಯ ಬೆಳೆದುಬಿಡುತ್ತೆ ಅನ್ನೋ ಭಯ, ಕಂದು ಬಣ್ಣದ ಗಂಡಸು ಬಿಳಿ ಹೆಂಗಸು ಅಂದ್ರೆ ಅವರ ಸಾಮ್ರಾಜ್ಯದ ಮಾನ ಹೋಯ್ತು ಅಂತ. ಅಲ್ಲಿಂದ ಹೋದ ಕಾಗದಗಳಲ್ಲಿ ಇದು ಆಸ್ಪತ್ರೆ ಅಲ್ಲ ಜೈಲು ಅಂತ ಬರೆದಿದ್ದಾರೆ. ಒಬ್ಬ ಭಾರತೀಯ ಸಬ್ ಅಸಿಸ್ಟೆಂಟ್ ಸರ್ಜನ್ ಅಂತೂ ತಡೆಯೋಕಾಗದೆ ಸೀಟನ್ ಮೇಲೇ ಗುಂಡು ಹಾರಿಸೋಕೆ ಹೋಗಿ ಶಿಕ್ಷೆಗೆ ಗುರಿಯಾದ, ಸೀಟನ್‌ಗೆ ಏನೂ ಆಗ್ಲಿಲ್ಲ. ನರ್ಸುಗಳ ವಿಷಯದಲ್ಲೂ ಇದೇ ರಗಳೆ. ಇಂಗ್ಲಿಷ್ ನರ್ಸುಗಳು ಭಾರತೀಯರನ್ನ ಮುಟ್ಟಿ ಆರೈಕೆ ಮಾಡೋ ಹಾಗಿಲ್ಲ, ಗಂಡು ಆಳುಗಳ ಕೆಲಸದ ಮೇಲ್ವಿಚಾರಣೆ ಮಾತ್ರ ಅಂತ ರೂಲ್ಸು, ಅಷ್ಟಿದ್ರೂ 1915ರ ಮೇನಲ್ಲಿ ಒಂದು ಪತ್ರಿಕೆಯಲ್ಲಿ ಗಾಯಾಳು ಭಾರತೀಯ ಸೈನಿಕನ ಪಕ್ಕ ಇಂಗ್ಲಿಷ್ ನರ್ಸ್ ನಿಂತಿರೋ ಫೋಟೋ ಬಂದಿದ್ದೇ ತಡ ದೊಡ್ಡ ಗಲಾಟೆ ಆಗಿ ನರ್ಸುಗಳನ್ನ ವಾಪಸ್ ಕರೆಸ್ಕೊಳ್ಳೋಕೆ ಮಿಲಿಟರಿಯವರು ಹೊರಟ್ರು.

ಆದ್ರೆ ನ್ಯಾಯವಾಗಿ ಇದನ್ನೂ ಹೇಳ್ಬೇಕು. ಭಾರತೀಯ ಸೈನಿಕರು ತಾವೇ ಕೈಗೆ ಗುಂಡು ಹೊಡ್ಕೊಂಡು ಯುದ್ಧ ತಪ್ಪಿಸ್ಕೋತಾರೆ ಅಂತ ಮೇಲಧಿಕಾರಿಗಳು ಗುಸುಗುಸು ಶುರುಮಾಡಿದಾಗ ಇದೇ ಸೀಟನ್ 1,000 ಗಾಯಗಳನ್ನ ಒಂದೊಂದಾಗಿ ಪರೀಕ್ಷೆ ಮಾಡಿ ವರದಿ ಬರೆದ, ಅನುಮಾನ ಪಡೋಕಾದ್ರೂ ಸಿಕ್ಕಿದ್ದು ಬೆರಳೆಣಿಕೆಯಷ್ಟು ಮಾತ್ರ. ಕಂದಕದಲ್ಲಿ ತಲೆ ಕೆಳಗಿಟ್ಟು ಬಂದೂಕು ಹಿಡಿದ ಕೈ ಮೇಲೆ ಚಾಚಿದಾಗ ಗುಂಡು ಕೈಗೇ ತಾನೇ ಬೀಳೋದು.

ಈಗ ಆ ಕಾಗದಗಳ ಬಗ್ಗೆ. ಭಾರತೀಯ ಸೈನಿಕರ ಟಪಾಲನ್ನ ಓದೋಕೆ ಅಂತಾನೇ ಸೆನ್ಸಾರ್ ಆಫೀಸ್ ಇತ್ತು, ಕ್ಯಾಪ್ಟನ್ ಈವ್ಲಿನ್ ಹಾವೆಲ್ ಅನ್ನೋರು ಅದರ ಮುಖ್ಯಸ್ಥರು. ಅವರು ಆಯ್ದ ಭಾಗಗಳನ್ನ ಇಂಗ್ಲಿಷಿಗೆ ಮಾಡಿಸಿ ಮೇಲಕ್ಕೆ ಕಳಿಸೋರು. ಇವತ್ತು ನಾವು ಓದೋದು ಆ ಇಂಗ್ಲಿಷ್ ಪ್ರತಿಗಳನ್ನೇ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇವೆ. ಎಷ್ಟೋ ಸೈನಿಕರಿಗೆ ಬರೆಯೋಕೆ ಬರ್ತಿರ್ಲಿಲ್ಲ, ಪಕ್ಕದ ಹಾಸಿಗೆಯವನ ಕೈಲಿ ಬರೆಸೋರು, ಸಾಹೇಬ್ರು ಓದ್ತಾರೆ ಅಂತಾನೂ ಗೊತ್ತಿತ್ತು. ಅದಕ್ಕೆ ನಿಜ ಹೇಳೋಕೆ ದಾರಿ ಹುಡುಕಿದ್ರು. ಕರಿ ಮೆಣಸು ಮುಗೀತಾ ಬಂತು, ಈಗ ಕೆಂಪು ಮೆಣಸು ಹಾಕ್ತಿದ್ದಾರೆ ಅಂತ ಅಡುಗೆ ಸುದ್ದಿ ಥರ ಬರೆಯೋರು, ಕರಿ ಮೆಣಸು ಅಂದ್ರೆ ನಮ್ಮವರು, ಕೆಂಪು ಅಂದ್ರೆ ಬ್ರಿಟಿಷರು, ಊರಲ್ಲಿ ಓದಿದವನಿಗೆ ನಮ್ಮವರು ಸಾಯ್ತಿದ್ದಾರೆ ಅಂತ ತಿಳೀತಿತ್ತು. ಸೆನ್ಸಾರಿನವರಿಗೂ ಇದು ಗೊತ್ತಾಯ್ತು ಅನ್ನಿ, ಅದಕ್ಕೇ ನಮ್ಮ ತನಕ ಬಂದಿದೆ.

ಆ ಕಾಗದಗಳಲ್ಲಿ ಮತ್ತೆ ಮತ್ತೆ ಬರೋ ನೋವು ಒಂದೇ, ಗಾಯ ವಾಸಿ ಆದ ಮೇಲೆ ಮತ್ತೆ ಅದೇ ಕಂದಕಕ್ಕೆ ಕಳಿಸ್ತಾರೆ ಅನ್ನೋದು. ಒಂದ್ಸಲ ರಕ್ತ ಹರಿಸಿದವನು ತನ್ನ ಋಣ ತೀರಿಸಿದ ಹಾಗೆ, ಅವನನ್ನ ಮನೆಗೆ ಕಳಿಸ್ಬೇಕು ಅನ್ನೋದು ಅವರ ಲೆಕ್ಕ, ಆದ್ರೆ ಬದಲಿಗೆ ಕಳಿಸೋಕೆ ಭಾರತದಲ್ಲಿ ಸರಿಯಾದ ಮೀಸಲು ಪಡೆ ಇರ್ಲಿಲ್ಲ, ಹಾಗಾಗಿ ಸರ್ಕಾರಕ್ಕೆ ವಾಸಿಯಾದ ಕೈಯೇ ಬೇಕಿತ್ತು. ಇಲ್ಲಿ ಜಮಾದಾರ್ (ಆಗ ಸೈನ್ಯದಲ್ಲಿ ಭಾರತೀಯ ಅಧಿಕಾರಿಯ ಒಂದು ದರ್ಜೆ) ಮೀರ್ ದಸ್ತ್ ಕಥೆ ಕೇಳ್ಬೇಕು. ಅಫ್ರೀದಿ ಪಠಾಣ, 57ನೇ ವೈಲ್ಡ್ಸ್ ರೈಫಲ್ಸ್ ಜೊತೆ ಇದ್ದವನು. 1915 ಏಪ್ರಿಲ್ 26ರಂದು ಈಪ್ರ್ ಹತ್ರ ಜರ್ಮನ್ನರು ವಿಷಾನಿಲ ಬಿಟ್ಟಾಗ ಬ್ರಿಟಿಷ್ ಅಧಿಕಾರಿಗಳೆಲ್ಲ ಬಿದ್ದುಹೋದ ಮೇಲೂ ತನ್ನ ತುಕಡಿಯನ್ನ ಹಿಡಿದು ನಿಲ್ಲಿಸಿ, ಗುಂಡಿನ ಮಳೆಯಲ್ಲಿ 8 ಜನ ಬ್ರಿಟಿಷ್, ಭಾರತೀಯ ಅಧಿಕಾರಿಗಳನ್ನ ಹೊತ್ತು ತಂದ. ಅದೇ ವರ್ಷ ಆಗಸ್ಟ್ 25ಕ್ಕೆ ಪೆವಿಲಿಯನ್ ಹುಲ್ಲುಹಾಸಿನ ಮೇಲೆ ರಾಜ ತಾನೇ ಬಂದು ಅವನ ಎದೆಗೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಚುಚ್ಚಿದ. ಬ್ಯಾಂಡು, ಗಣ್ಯರು, ಕ್ಯಾಮೆರಾ ಎಲ್ಲ ಇತ್ತು. ಆ ಹೊತ್ತಲ್ಲಿ ಮೀರ್ ದಸ್ತ್ ತನಗಾಗಿ ಏನೂ ಕೇಳ್ಲಿಲ್ಲ, ಒಮ್ಮೆ ಗಾಯ ಆದವರನ್ನ ಮತ್ತೆ ಯುದ್ಧಕ್ಕೆ ಕಳಿಸಬೇಡಿ ಅಂತ ರಾಜನಿಗೇ ಹೇಳಿದ ಅನ್ನೋದು ಆ ಕಾಲದ ಕಾಗದಗಳಿಂದ ಗೊತ್ತಾಗುತ್ತೆ. ಆಶ್ಚರ್ಯ ಏನು ಗೊತ್ತಾ, ಅವನ ಸ್ವಂತ ತಮ್ಮ ಮೀರ್ ಮಸ್ತ್ ಅದೇ ವರ್ಷ ಮಾರ್ಚಲ್ಲಿ ಕೆಲವು ಅಫ್ರೀದಿಗಳ ಜೊತೆ ಕಂದಕ ದಾಟಿ ಜರ್ಮನ್ನರ ಕಡೆ ಸೇರಿದ್ದ. ಒಂದೇ ಮನೆಯ ಇಬ್ಬರು. ಯಾರು ನಿಷ್ಠ ಯಾರು ದ್ರೋಹಿ ಅಂತ ಸುಲಭಕ್ಕೆ ಗೆರೆ ಎಳೆಯೋರು ಈ ಮನೆಯ ಮುಂದೆ ನಿಂತು ಯೋಚಿಸ್ಬೇಕು ಅನ್ಸುತ್ತೆ ನನಗೆ.

ತೀರಿಕೊಂಡೋರ ಕಥೆ. ಹಿಂದೂ, ಸಿಖ್ ಸೈನಿಕರನ್ನ ಊರ ಹೊರಗೆ ಪ್ಯಾಚಮ್ ಹತ್ರದ ಗುಡ್ಡಕ್ಕೆ ಒಯ್ದು ಸೌದೆ ಒಟ್ಟಿ, ತುಪ್ಪ ಸುರಿದು, ಅವರ ಪದ್ಧತಿಯಂತೆ ಸುಟ್ಟು ಬೂದಿಯನ್ನ ಸಮುದ್ರಕ್ಕೆ ಬಿಡ್ತಿದ್ರು. ಒಟ್ಟು 53 ಜನ. ಅವರಿಗೊಂದು ಗುರುತು ಬೇಕು ಅಂತ ಐಎಂಎಸ್‌ನ (ಇಂಡಿಯನ್ ಮೆಡಿಕಲ್ ಸರ್ವಿಸ್) ಲೆಫ್ಟಿನೆಂಟ್ ದಾಸ್ ಗುಪ್ತ ಅನ್ನೋ ಡಾಕ್ಟರು ಮೇಯರ್ ಓಟರ್‌ಗೆ ಹೇಳಿದ್ರು, ಓಟರ್ ಹಠ ಹಿಡಿದು ಬೆನ್ನು ಹತ್ತಿದ್ರು. ಬಾಂಬೆಯ ಇ. ಸಿ. ಹೆನ್ರಿಕ್ಸ್ ನಕ್ಷೆ ಮಾಡಿದ ಬಿಳಿ ಅಮೃತಶಿಲೆಯ ಛತ್ರಿಯನ್ನ, ಅಂದ್ರೆ ಗುಮ್ಮಟ ಇರೋ ಸ್ಮಾರಕ ಮಂಟಪವನ್ನ, 1921 ಫೆಬ್ರವರಿ 1ರಂದು ಪ್ರಿನ್ಸ್ ಆಫ್ ವೇಲ್ಸ್ ಉದ್ಘಾಟನೆ ಮಾಡಿದ. ಎರಡನೇ ಮಹಾಯುದ್ಧದಲ್ಲಿ ಆ ಗುಡ್ಡದಲ್ಲಿ ಸೈನ್ಯದ ತಾಲೀಮು ನಡೆದು ಛತ್ರಿಗೇ ಗುಂಡು ಬಿದ್ದು ಹಾಳಾಗಿತ್ತು, ಆಮೇಲೆ ರಿಪೇರಿ ಮಾಡಿಸಿದ್ರು. ಆ 53 ಜನರ ಹೆಸರು ಕಲ್ಲಿನ ಮೇಲೆ ಬಂದಿದ್ದು ಮಾತ್ರ 2010ರಲ್ಲಿ, ಸತ್ತು 95 ವರ್ಷ ಆದ ಮೇಲೆ.

ಮುಸ್ಲಿಂ ಸೈನಿಕರನ್ನ ವೋಕಿಂಗ್ ಊರಿನ ಶಾಜಹಾನ್ ಮಸೀದಿಗೆ ಒಯ್ತಿದ್ರು, 1889ರಲ್ಲಿ ಕಟ್ಟಿದ ಮಸೀದಿ ಅದು. ಸಂಸ್ಕಾರ ಸರಿಯಾಗಿ ಮಾಡ್ತಿಲ್ಲ ಅಂತ ಜರ್ಮನ್ನರು ಪ್ರಚಾರ ಶುರುಮಾಡಿದ ಮೇಲೆ ಹತ್ತಿರದ ಹಾರ್ಸೆಲ್ ಕಾಮನ್‌ನಲ್ಲಿ ಕಮಾನು, ಗುಮ್ಮಟ ಇರೋ ಗೋಡೆ ಕಟ್ಟಿ ಬೇರೆ ಖಬರಸ್ತಾನ ಮಾಡಿದ್ರು. 1960ರ ದಶಕದ ಕೊನೆಗೆ ಆ ಸಮಾಧಿಗಳನ್ನ ಬ್ರೂಕ್‌ವುಡ್ ಸ್ಮಶಾನಕ್ಕೆ ಸಾಗಿಸಿದ್ರು, ಹಳೇ ಜಾಗ ಈಗ ಪೀಸ್ ಗಾರ್ಡನ್.

1915ರ ಕೊನೆಗೆ ಭಾರತೀಯ ಕಾಲಾಳು ಪಡೆಯನ್ನ ಫ್ರಾನ್ಸಿಂದ ಮೆಸೊಪೊಟೇಮಿಯಾಕ್ಕೆ (ಈಗಿನ ಇರಾಕ್) ಕಳಿಸಿದ್ರು, 1916ರ ಶುರುವಲ್ಲಿ ಪೆವಿಲಿಯನ್ನಿನ ಭಾರತೀಯ ಆಸ್ಪತ್ರೆ ಮುಚ್ಚಿತು. ಅಂದ್ರೆ ಇಷ್ಟೆಲ್ಲ ನಡೆದಿದ್ದು ಬರೀ ಒಂದು ವರ್ಷ ಚಿಲ್ಲರೆ ಅವಧಿಯಲ್ಲಿ. ಆಮೇಲೆ 1920ರ ತನಕ ಅದು ಕೈಕಾಲು ಕಳ್ಕೊಂಡ ಬ್ರಿಟಿಷ್ ಸೈನಿಕರ ಆಸ್ಪತ್ರೆ, 6,000ಕ್ಕೂ ಹೆಚ್ಚು ಜನ ಬಂದು ಹೋದ್ರು, ರಾಣಿ ಮೇರಿ ಹೆಸರಿನ ವರ್ಕ್‌ಶಾಪಲ್ಲಿ ಮೋಟಾರು ರಿಪೇರಿ, ಕರೆಂಟ್ ಕೆಲಸ, ಟೈಪಿಂಗ್ ಎಲ್ಲ ಕಲ್ತು ಹೊಸ ಜೀವನಕ್ಕೆ ತಯಾರಾದ್ರು. ಅವಧಿ ನೋಡಿದ್ರೆ ಇದೇ ಮೂರು ಪಾಲು ದೊಡ್ಡದು, ಆದ್ರೂ ಜನರ ನೆನಪಲ್ಲಿ ನಿಂತಿದ್ದು ಭಾರತೀಯ ಆಸ್ಪತ್ರೆ.

ನೀವು ಒಳಗೆ ಹೋಗೋವಾಗ ದಕ್ಷಿಣದ ಕಡೆ ಗುಜರಾತಿ ಶೈಲಿಯ ಬಾಗಿಲು ದಾಟಿರ್ಬೇಕು, ಅದು ಭಾರತದ ಜನ ಬ್ರೈಟನ್‌ಗೆ ಕೊಟ್ಟ ಉಡುಗೊರೆ, 1921 ಅಕ್ಟೋಬರ್ 26ರಂದು ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಉದ್ಘಾಟನೆ ಮಾಡಿದ್ದು. ಇನ್ನೊಂದ್ಸಲ ಹೋದ್ರೆ ಕಲ್ಲಿನ ಬರಹ ಓದಿ. ಒಳಗೆ ಆಸ್ಪತ್ರೆ ಬಗ್ಗೆ ಬೇರೆ ಗ್ಯಾಲರಿ ಮಾಡಿದ್ದಾರೆ, ಅದನ್ನ ಬಿಡ್ಬೇಡಿ. ಛತ್ರಿಗೆ ಕಾರು ಹೋಗಲ್ಲ, ಗುಡ್ಡದ ದಾರಿಯಲ್ಲಿ ನಡೀಬೇಕು, ಮಳೆ ಬಂದಿದ್ರೆ ಕಾಲುದಾರಿ ಜಾರುತ್ತೆ, ಒಳ್ಳೆ ಶೂ ಹಾಕ್ಕೊಳ್ಳಿ. ಪ್ರತಿ ವರ್ಷ ಜೂನಲ್ಲಿ ಅಲ್ಲಿ ಸ್ಮರಣೆ ನಡೆಯುತ್ತೆ, ಮಗಳ ಮನೆಗೆ ಆ ಸಮಯಕ್ಕೆ ಹೋಗೋ ಹಾಗಿದ್ರೆ ದಿನಾಂಕ ಮೊದಲೇ ವಿಚಾರಿಸಿಕೊಳ್ಳಿ.

ಕೊನೆಗೆ ಮೈಸೂರಿನವರ ಪ್ರಶ್ನೆ. ಬ್ರೈಟನ್ನಲ್ಲಿ ಮಲಗಿದ್ದೋರು ಹೆಚ್ಚಾಗಿ ಪಂಜಾಬಿನ ಸಿಖ್ಖರು, ಮುಸ್ಲಿಮರು, ಗಢವಾಲಿಗಳು, ಗೂರ್ಖಾಗಳು, ಡೋಗ್ರಾಗಳು, ಪಠಾಣರು, ಯಾಕಂದ್ರೆ ಆ ಎರಡು ಡಿವಿಷನ್‌ಗೆ ಬ್ರಿಟಿಷರು ಜನ ತಗೊಂಡಿದ್ದೇ ಉತ್ತರದಿಂದ. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಅದೇ ಯುದ್ಧದಲ್ಲಿ ಹೋಗಿದ್ದು ಈಜಿಪ್ಟಿಗೆ, ಸೂಯೆಜ್ ಕಾಲುವೆ ಕಾವಲಿಗೆ, ಅಲ್ಲಿಂದ ಪ್ಯಾಲೆಸ್ಟೈನ್‌ಗೆ. 1918 ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಊರು ಹಿಡಿದಿದ್ದು ಅವರೇ, ದೆಹಲಿಯ ತೀನ್ ಮೂರ್ತಿ ಸರ್ಕಲ್ಲಿನ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿಂದು. ನಿಮ್ಮ ಮನೆತನದಲ್ಲಿ ಯಾರಾದ್ರೂ ಆ ಯುದ್ಧಕ್ಕೆ ಹೋಗಿದ್ರು ಅನ್ನೋ ಮಾತಿದ್ರೆ ಬ್ರೈಟನ್ ದಾಖಲೆಗಿಂತ ಮೊದಲು ಲ್ಯಾನ್ಸರ್ಸ್ ಕಡೆ ಹುಡುಕಿ, ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲೇ ಇದೆ.